ರಗುವೇಲನು ತೋಡಿಸಿದ ಗುಂಡಿ: ಕ್ರೈಸ್ತ ಪ್ರೇಮಕಥನದಲ್ಲಿ ವಿಶ್ವಾಸ ಮತ್ತು ಕಾತರ

ತೊಬೀತನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಒಂದು ಮದುವೆಯ ರಾತ್ರಿ ಬರುತ್ತದೆ. ಕೋಣೆಯೊಳಗೆ ತೊಬಿಯನೂ ಸಾರಳೂ ಎದ್ದು ನಿಂತು ಪ್ರಾರ್ಥಿಸಿ ಮಲಗಿದ್ದಾರೆ. ಹೊರಗೆ ವಧುವಿನ ತಂದೆ ರಗುವೇಲನು ಆಳುಗಳನ್ನು ಕರೆದುಕೊಂಡು ಅಳಿಯನಿಗೆಂದು ಗುಂಡಿ ತೋಡಿಸುತ್ತಿದ್ದಾನೆ. ಸಾರಳನ್ನು ವರಿಸಿದ ಏಳು ಮಂದಿ ಮೊದಲ ರಾತ್ರಿಯಲ್ಲೇ ಸತ್ತಿದ್ದರು. ಎಂಟನೆಯವನೂ ಸತ್ತಿದ್ದರೆ, ಊರವರ ನಗೆಗೀಡಾಗುವ ಮೊದಲೇ ಯಾರಿಗೂ ತಿಳಿಯದಂತೆ ಹೂತುಬಿಡಬೇಕೆಂಬುದು ಅವನ ಲೆಕ್ಕ. ಆಮೇಲೆ ದಾಸಿಯೊಬ್ಬಳು ದೀಪ ಹಿಡಿದು ಕೋಣೆಯ ಬಾಗಿಲು ತೆರೆಯುತ್ತಾಳೆ. ತರಗತಿಯಲ್ಲಿ ಈ ಭಾಗವನ್ನು ಓದಿಸುವಾಗ ವಿದ್ಯಾರ್ಥಿಗಳು ಗುಂಡಿಯ ಪ್ರಸ್ತಾಪಕ್ಕೆ ನಗುತ್ತಾರೆ. ದೀಪ ಬಾಗಿಲಿಗೆ ಬರುವ ಹೊತ್ತಿಗೆ ಸುಮ್ಮನಾಗುತ್ತಾರೆ.

ಆ ಮೌನ ಸ್ವಲ್ಪ ವಿಚಿತ್ರವಾದದ್ದು. ಕತೆ ಹೇಗೆ ಮುಗಿಯುತ್ತದೆಂಬುದು ಅವರಿಗೆ ಆಗಲೇ ಗೊತ್ತಿರುತ್ತದೆ. ನಿನೆವೆಯಲ್ಲಿ ತೊಬೀತನೂ ಎಕ್ಬತಾನದಲ್ಲಿ ಸಾರಳೂ ಮಾಡಿದ ಪ್ರಾರ್ಥನೆಗಳು ದೇವರ ಸನ್ನಿಧಿಯಲ್ಲಿ ಕೇಳಲ್ಪಟ್ಟವೆಂದೂ, ಇಬ್ಬರನ್ನೂ ಗುಣಪಡಿಸಲು ರಫಾಯೇಲನನ್ನು ಕಳುಹಿಸಲಾಯಿತೆಂದೂ, ಸಾರಳು ತೊಬಿಯನ ಹೆಂಡತಿಯಾಗುವಳೆಂದೂ ಗ್ರಂಥಕರ್ತನು ಮೂರನೆಯ ಅಧ್ಯಾಯದ ಕೊನೆಯಲ್ಲೇ ಹೇಳಿಬಿಟ್ಟಿದ್ದಾನೆ. ಪತ್ತೇದಾರಿ ಕಾದಂಬರಿಯಲ್ಲಿ ಹೀಗೆ ಮಾಡಿದರೆ ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಆದರೂ ಇಲ್ಲಿ ಉಸಿರು ಬಿಗಿಹಿಡಿಯುವಂತಾಗುತ್ತದೆ. ಅಂತ್ಯ ತಿಳಿದ ಮೇಲೂ ಉಳಿಯುವ ಈ ಬಿಗಿ ಯಾವುದು? ಕ್ರೈಸ್ತ ಪ್ರೇಮಕಥನವೆಂಬ ಸಾಹಿತ್ಯಪ್ರಕಾರದ ಗುಣದೋಷಗಳೆಲ್ಲ ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನಿಂತಿವೆಯೆಂದು ನನ್ನ ಅಭಿಪ್ರಾಯ. ಯಾಜಕರಾದ ನಮಗೆ ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲವೆಂಬುದನ್ನು ಮುಂದೆ ನೋಡೋಣ.

ಪ್ರಕಾರದ ಪರಿಚಯಕ್ಕೆ ನಾಲ್ಕು ಮಾತು ಸಾಕು. ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' 1979ರಲ್ಲಿ ಬಂದ ಮೇಲೆ ಅಮೆರಿಕದ ಸುವಾರ್ತಾವಾದಿ ಪ್ರಕಾಶಕರ ನಡುವೆ ಇಂಥ ಕಾದಂಬರಿಗಳಿಗೆ ದೊಡ್ಡ ಮಾರುಕಟ್ಟೆಯೇ ಬೆಳೆಯಿತು. ಈಗ ಅದರೊಳಗೆ 'ಸಸ್ಪೆನ್ಸ್' ಎಂಬ ಪ್ರತ್ಯೇಕ ಶಾಖೆಯೂ ಇದೆ: ನಾಯಕಿಯ ಬೆನ್ನು ಹತ್ತಿದ ಕೊಲೆಗಾರ, ಹಳೆಯದೊಂದು ಗುಟ್ಟು, ದೇವರಲ್ಲಿ ನಂಬಿಕೆ ಕಳೆದುಕೊಂಡ ನಾಯಕ. ನಮ್ಮ ಕಡೆಯಲ್ಲಿ ಈ ರುಚಿ ಹೊಸದೇನಲ್ಲ. ಕೊಡಗಿನ ಮಲಯಾಳಿ ಕ್ರೈಸ್ತ ಮನೆಗಳ ಹಿರಿಯರಿಗೆ ಮುಟ್ಟತ್ತು ವರ್ಕಿಯವರ ಹೆಸರು ಹೇಳಿದರೆ ಸಾಕು, 'ಪಾಡಾತ್ತ ಪೈಂಗಿಳಿ' ನೆನಪಾಗುತ್ತದೆ; ಆ ಬಗೆಯ ಪ್ರೇಮಕಾದಂಬರಿಗಳಿಗೆಲ್ಲ 'ಪೈಂಗಿಳಿ' ಎಂಬ ಹೆಸರು ಬಿದ್ದದ್ದೇ ಆ ಕೃತಿಯಿಂದ. ಕೊಂಕಣಿ ಮನೆಗಳಿಗೆ 1938ರಿಂದ ಮಂಗಳೂರಿನ 'ರಾಕ್ಣೊ' ವಾರಪತ್ರಿಕೆ ಬರುತ್ತಿತ್ತು. ಇಂದಿನ ಯುವಜನರು ಇಂಗ್ಲಿಷಿನವನ್ನು ಮೊಬೈಲಿನಲ್ಲೇ ಓದುತ್ತಾರೆ. ಗುರುಮಠದ ಸಹೋದರರೂ ಓದುತ್ತಾರೆಂಬುದು ನನಗೆ ಗೊತ್ತು, ಅದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ.

ಈ ಕಾದಂಬರಿಗಳ ಸಾಮಾನ್ಯ ಹೆಣಿಗೆಯಲ್ಲಿ ಎರಡು ಗಂಟುಗಳಿರುತ್ತವೆ. ಒಂದು, ಪ್ರೇಮಿಗಳಲ್ಲಿ ಒಬ್ಬರ ಅವಿಶ್ವಾಸ; ಇನ್ನೊಂದು, ಹೊರಗಿನಿಂದ ಬಂದ ಅಪಾಯ ಅಥವಾ ಅಡ್ಡಿ. ಕೊನೆಯ ಅಧ್ಯಾಯದಲ್ಲಿ ಎರಡೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಅಪಾಯ ಕಳೆಯುತ್ತದೆ, ಅವಿಶ್ವಾಸಿಯು ಮಂಡಿಯೂರುತ್ತಾನೆ, ಮದುವೆಯ ಗಂಟೆ ಬಾರಿಸುತ್ತದೆ. ನಾಯಕಿಯ ಪ್ರಾರ್ಥನೆಗೆ ಉತ್ತರವೆಂದರೆ ವರ. ವರನಿಗೆ ವಿಶ್ವಾಸ ಹುಟ್ಟಿತೆನ್ನುವುದಕ್ಕೆ ಸಾಕ್ಷಿಯೆಂದರೆ ಮದುವೆ. ದೇವರು ಇಲ್ಲಿ ಕಥಾನಕಕ್ಕೆ ಜಾಮೀನುದಾರನಾಗಿ ನಿಲ್ಲುತ್ತಾನೆ. ಆಗ ಓದುಗನಲ್ಲಿ ಉಳಿಯುವುದು ಕುತೂಹಲ ಮಾತ್ರ: ಯಾವಾಗ, ಹೇಗೆ?

ಕುತೂಹಲವನ್ನು ಕಾತರದಿಂದ ಬೇರೆ ಮಾಡಿ ನೋಡಲು ನಮ್ಮ ಭಾಷೆ ಅನುಕೂಲ ಮಾಡಿಕೊಟ್ಟಿದೆ. ಕುತೂಹಲ ತಿಳಿಯದ ಸಂಗತಿಯ ಬಗ್ಗೆ ಇರುವಂಥದು, ತಿಳಿದೊಡನೆ ತಣಿಯುತ್ತದೆ. ಕಾತರ ವ್ಯಕ್ತಿಯ ಬಗ್ಗೆ ಇರುವಂಥದು. ಮಗಳು ಹೆರಿಗೆಗೆಂದು ಆಸ್ಪತ್ರೆಯೊಳಗೆ ಹೋಗಿರುವಾಗ ತಾಯಿ ಹೊರಗೆ ಕುಳಿತು ಪಡುವುದು ಕುತೂಹಲವಲ್ಲ. ವೈದ್ಯರು ಎಲ್ಲವೂ ಸರಿಯಿದೆ ಎಂದು ಹೇಳಿದ ಮೇಲೂ ಅದು ನಿಲ್ಲುವುದಿಲ್ಲ. ರಗುವೇಲನ ಅಂಗಳದಲ್ಲಿ ನಮ್ಮನ್ನು ಹಿಡಿದಿಡುವುದು ಈ ಎರಡನೆಯದು. ನಮಗೆ ಗೊತ್ತಿರುವುದು ರಗುವೇಲನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಅವನ ಪಕ್ಕದಲ್ಲಿ ನಾವು ನಿಂತಿದ್ದೇವೆ. ರೂತಳು ಕಣದಿಂದ ಮರಳಿ ಬಂದಾಗ, ಈ ವಿಷಯ ಏನಾಗುವುದೋ ತಿಳಿಯುವತನಕ ಕಾದಿರೆಂದು ನವೊಮಿ ಹೇಳುವಾಗಲೂ ಹೀಗೆಯೇ. ಭವಿಷ್ಯದ ವಿಷಯದಲ್ಲಿ ದೈವಪಾಲನೆಗೆ ಭರವಸೆಯಿಂದ ತನ್ನನ್ನು ಒಪ್ಪಿಸಿಕೊಂಡು ಅನಾರೋಗ್ಯಕರ ಕುತೂಹಲವನ್ನು ಬಿಟ್ಟುಬಿಡುವುದೇ ಕ್ರೈಸ್ತನಿಗೆ ತಕ್ಕ ಮನೋಭಾವವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2115ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಬಿಡಬೇಕಾದದ್ದು ಕುತೂಹಲವನ್ನು. ಕಾತರವನ್ನು ಬಿಡಬೇಕೆಂದು ಅಲ್ಲಿ ಹೇಳಿಲ್ಲ.

ವಿಶ್ವಾಸವಿದ್ದಲ್ಲಿ ಕಾತರಕ್ಕೆ ಜಾಗವೆಲ್ಲಿ ಎಂದು ಕೇಳುವವರಿಗೆ ಸಂತ ತೋಮಸ್ ಅಕ್ವಿನಾಸರ ಉತ್ತರ ಸಿದ್ಧವಿದೆ. 'ಸುಮ್ಮ ಥಿಯೊಲೊಜಿಯೆ'ಯ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ ಅವರು ವಿಶ್ವಾಸವನ್ನು ಸಮ್ಮತಿಯೊಡನೆ ಕೂಡಿದ ಚಿಂತನೆಯೆಂದು ವಿವರಿಸುತ್ತಾರೆ. ಸಮ್ಮತಿ ದೃಢವಾದದ್ದು, ಆದರೆ ಅದು ಬಂದದ್ದು ಕಣ್ಣಾರೆ ಕಂಡದ್ದರಿಂದಲ್ಲ, ಕೃಪೆಯಿಂದ ಪ್ರೇರಿತವಾದ ಸಂಕಲ್ಪಶಕ್ತಿಯಿಂದ. ಆದ್ದರಿಂದ ಬುದ್ಧಿಯು ಒಪ್ಪಿದ ಮೇಲೂ ಹುಡುಕುತ್ತಲೇ ಇರುತ್ತದೆ, ತನ್ನ ನೆಲೆಯಲ್ಲಿ ಪೂರ್ಣವಾಗಿ ವಿರಮಿಸುವುದಿಲ್ಲ. 'ಸತ್ಯವನ್ನು ಕುರಿತು' ಎಂಬ ಪ್ರಶ್ನೋತ್ತರ ಗ್ರಂಥದ ಹದಿನಾಲ್ಕನೆಯ ಪ್ರಶ್ನೆಯಲ್ಲಿ ಇದನ್ನು ಅವರು ಇನ್ನೂ ಬಿಡಿಸಿ ಹೇಳಿದ್ದಾರೆ. ಭರವಸೆಯ ವಿಷಯದಲ್ಲಿ ಅವರ ಲಕ್ಷಣವಾಕ್ಯ ಪರೀಕ್ಷೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದ್ದೇ: ಅದರ ವಿಷಯವು ಒಳಿತಾಗಿರಬೇಕು, ಮುಂದೆ ಬರುವಂಥದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. 'ಕಷ್ಟಸಾಧ್ಯ' ಎಂಬುದನ್ನು ತೆಗೆದುಹಾಕಿದರೆ ಉಳಿಯುವುದು ಬರೀ ಬಯಕೆ. ಜಾಮೀನು ಪಡೆದ ಪ್ರೇಮಕಥನ ಮಾಡುವ ಕೆಲಸ ಇದೇ. ಇದರ ಜೊತೆಗೆ ತ್ರೆಂತ್ ಮಹಾಸಭೆಯು 1547ರಲ್ಲಿ ನೀತೀಕರಣದ ಬಗ್ಗೆ ಕೊಟ್ಟ ಬೋಧನೆಯನ್ನು ಇಟ್ಟು ನೋಡಬೇಕು. ದೇವರ ಸಹಾಯದಲ್ಲಿ ಎಲ್ಲರೂ ಅಚಲ ಭರವಸೆಯಿಡಬೇಕು. ಆದರೆ ವಿಶೇಷ ಪ್ರಕಟನೆಯಿಲ್ಲದೆ ಯಾರೂ ತನ್ನ ಅಂತಿಮ ಸ್ಥಿರತೆಯನ್ನು ಖಂಡಿತವಾಗಿ ತಿಳಿದವನಂತೆ ಮಾತನಾಡಬಾರದು. ದೇವರ ಕಡೆಯಿಂದ ಯಾವ ಕೊರತೆಯೂ ಇಲ್ಲ. ಮನುಷ್ಯನ ಸ್ವಾತಂತ್ರ್ಯದ ಕಡೆಯ ಬಾಗಿಲು ಮಾತ್ರ ಕೊನೆಯವರೆಗೂ ತೆರೆದೇ ಇರುತ್ತದೆ. ಕ್ರೈಸ್ತ ಕತೆಯ ಕಾತರವೆಲ್ಲ ಆ ಬಾಗಿಲಲ್ಲಿ ನಿಂತಿರಬೇಕು.

ಇದನ್ನು ಬಲ್ಲ ಕಾದಂಬರಿಕಾರನು ಹೇಗೆ ಬರೆಯುತ್ತಾನೆಂಬುದಕ್ಕೆ ಇಟಲಿಯ ಅಲೆಸ್ಸಾಂದ್ರೋ ಮಂಜೋನಿಯ 'ವಾಗ್ದತ್ತರು' ಅತ್ಯುತ್ತಮ ನಿದರ್ಶನ. ಮೊದಲ ಆವೃತ್ತಿ 1827ರದು. ರೆಂಜೊ ಮತ್ತು ಲೂಸಿಯ ಎಂಬ ಹಳ್ಳಿಯ ಜೋಡಿಯ ಮದುವೆಗೆ ಮೊದಲ ಅಡ್ಡಿ ಊರಿನ ದುಷ್ಟ ಪ್ರಭು. ಎರಡನೆಯ ಅಡ್ಡಿ ಅವನಿಗೆ ಹೆದರಿ ಮದುವೆ ಮಾಡಿಸಲು ನೆವ ಹೇಳುವ ಧರ್ಮಕೇಂದ್ರದ ಗುರು ದೋನ್ ಅಬ್ಬೊಂದಿಯೊ. (ಈತನ ಪುಟಗಳನ್ನು ಓದುವ ಯಾಜಕರು ಒಂದೆರಡು ಕಡೆಯಾದರೂ ತಮ್ಮ ಮುಖವನ್ನು ಗುರುತಿಸದೆ ಇರಲಾರರು.) ಆದರೆ ಅತ್ಯಂತ ಬಿಗಿಯಾದ ಗಂಟು ಲೂಸಿಯಳ ಭಕ್ತಿಯಿಂದಲೇ ಬೀಳುತ್ತದೆ. ಅಪಹೃತಳಾಗಿ ಕೋಟೆಯಲ್ಲಿ ಸೆರೆಯಾದ ರಾತ್ರಿ, ತನ್ನನ್ನು ಪಾರುಮಾಡಿದರೆ ಕನ್ಯೆಯಾಗಿಯೇ ಉಳಿಯುವೆನೆಂದು ಆಕೆ ಮಾತೆ ಮರಿಯಮ್ಮನಿಗೆ ಹರಕೆ ಹೊರುತ್ತಾಳೆ. ಪಾರಾಗುತ್ತಾಳೆ. ಇನ್ನು ರೆಂಜೊನ ಗತಿ? ಅಗ್ಗದ ಕಾದಂಬರಿಯಾಗಿದ್ದರೆ ಪ್ರಾರ್ಥನೆ ಕೇಳಿದ ದೇವರು ಪ್ರೇಮವನ್ನೂ ಕೈಗೂಡಿಸಿ ಮುಗಿಸುತ್ತಿದ್ದನು. ಇಲ್ಲಿ ಕೇಳಲ್ಪಟ್ಟ ಪ್ರಾರ್ಥನೆಯೇ ಪ್ರೇಮಕ್ಕೆ ಗೋಡೆಯಾಗಿ ನಿಂತಿದೆ. ಪ್ಲೇಗಿನ ವರ್ಷವಾದ 1630ರ ಮಿಲಾನಿನ ರೋಗಿಗಳ ಶಿಬಿರದಲ್ಲಿ, ತಾನೇ ಸಾವಿನಂಚಿನಲ್ಲಿರುವ ಸನ್ಯಾಸಿ ಕ್ರಿಸ್ತೋಫರೊ ಆ ಗಂಟನ್ನು ಬಿಚ್ಚುತ್ತಾನೆ. ಆಗಲೇ ಇನ್ನೊಬ್ಬನಿಗೆ ಮಾತು ಕೊಟ್ಟವಳು ಆ ಇನ್ನೊಬ್ಬನ ಮನಸ್ಸನ್ನೂ ಸೇರಿಸಿ ದೇವರಿಗೆ ಅರ್ಪಿಸಲಾರಳೆಂಬುದು ಅವನ ತರ್ಕ. ಧರ್ಮಸಭೆ ತನಗೆ ಕೊಟ್ಟ ಅಧಿಕಾರದಿಂದ ಅವನು ಹರಕೆಯಿಂದ ಆಕೆಯನ್ನು ಬಿಡುಗಡೆ ಮಾಡುತ್ತಾನೆ. ಪವಾಡವಿಲ್ಲ, ಆಕಾಶವಾಣಿಯಿಲ್ಲ; ನೀತಿಶಾಸ್ತ್ರದ ಒಂದು ಸರಿಯಾದ ನಿರ್ಣಯವಿದೆ. ಅದನ್ನು ಓದುವಾಗ ಕಣ್ಣು ತುಂಬುತ್ತದೆ.

ಇದಕ್ಕೆ ಹೋಲಿಸಿದರೆ ಫ್ರಾನ್ಸೀನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' (1991) ನನಗೆ ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳ ಕಾಲಕ್ಕೆ ಹೊಶೇಯನ ಕತೆಯನ್ನು ತಂದ ಈ ಕಾದಂಬರಿಯಲ್ಲಿ ವೇಶ್ಯೆಯಾದ ನಾಯಕಿ ಮತ್ತೆ ಮತ್ತೆ ಓಡಿಹೋಗುತ್ತಾಳೆ. ಆ ಓಟದಲ್ಲಿ ನಿಜವಾದ ಕಾತರವಿದೆ. ಆದರೆ ನಾಯಕನಿಗೆ ದೇವರ ಧ್ವನಿ ಸ್ಪಷ್ಟವಾಗಿ ಕೇಳಿಸಿ, ಕೊನೆಗೆ ಎಲ್ಲವೂ ಕೂಡಿಬರುತ್ತದೆ. ಹೊಶೇಯನ ಗ್ರಂಥದಲ್ಲಿ ಹಾಗಿಲ್ಲ. ಮೂರನೆಯ ಅಧ್ಯಾಯದಲ್ಲಿ ಪ್ರವಾದಿಯು ಬೆಲೆ ಕೊಟ್ಟು ಹೆಣ್ಣನ್ನು ಬಿಡಿಸಿ ತರುತ್ತಾನೆ, ಬಹು ದಿವಸ ಕಾದಿರಬೇಕೆನ್ನುತ್ತಾನೆ. ಆಕೆಯ ಮನಸ್ಸು ತಿರುಗಿತೇ ಎಂಬುದನ್ನು ಗ್ರಂಥ ಹೇಳುವುದಿಲ್ಲ.

ಈಗ ಕೊಡಗಿಗೆ ಬರೋಣ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟದ್ದು, ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಹುಟ್ಟು 1792ಕ್ಕೆ ಹೋಗುವುದು, ಇವು ನಮಗೆಲ್ಲ ತಿಳಿದ ಸಂಗತಿಗಳು. ಆ ಅರಸನ ತಮ್ಮ ಲಿಂಗರಾಜೇಂದ್ರನ ಮಗ ಚಿಕ್ಕ ವೀರರಾಜೇಂದ್ರ. 1834ರಲ್ಲಿ ಬ್ರಿಟಿಷರು ಇವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಕಂಪನಿ ಸರ್ಕಾರದಿಂದ ತನ್ನ ಹಣವನ್ನು ಪಡೆಯಲು 1852ರಲ್ಲಿ ಅವನು ಇಂಗ್ಲೆಂಡಿಗೆ ಹೋದಾಗ ಜೊತೆಯಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ ಇದ್ದಳು. ಅದೇ ವರ್ಷ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರು ಆಕೆಗೆ ದೀಕ್ಷಾಸ್ನಾನವಿತ್ತರು. ಜ್ಞಾನಮಾತೆಯಾಗಿ ನಿಂತವಳು ವಿಕ್ಟೋರಿಯ ರಾಣಿ; ತನ್ನ ಹೆಸರನ್ನೇ ಮಗುವಿಗಿಟ್ಟಳು. ಆಮೇಲೆ ಗೌರಮ್ಮ ಬೆಳೆದದ್ದು ಬ್ರಿಟಿಷ್ ಕುಟುಂಬಗಳ ಆರೈಕೆಯಲ್ಲಿ.

ರಾಣಿಯ ಮನಸ್ಸಿನಲ್ಲಿ ಒಂದು ಪ್ರೇಮಕಥನ ಆಗಲೇ ಸಿದ್ಧವಾಗಿತ್ತು. ಪಂಜಾಬಿನ ಪದಚ್ಯುತ ಬಾಲರಾಜ ದುಲೀಪ್ ಸಿಂಗ್ 1853ರಲ್ಲಿ ಕ್ರೈಸ್ತನಾಗಿ ಮರುವರ್ಷ ಇಂಗ್ಲೆಂಡಿಗೆ ಬಂದಿದ್ದ. ರಾಜ್ಯ ಕಳೆದುಕೊಂಡ ಇಬ್ಬರು ಎಳೆಯರು, ಇಬ್ಬರೂ ಭಾರತದವರು, ಇಬ್ಬರೂ ಕ್ರೈಸ್ತರು. ಇವರನ್ನು ದೇವರೇ ಒಬ್ಬರಿಗೊಬ್ಬರು ಎಂದು ಇಟ್ಟಿರಬೇಕೆಂದು ಯಾವ ಧಾರಾವಾಹಿ ಲೇಖಕನಿಗಾದರೂ ತೋರುತ್ತಿತ್ತು. ರಾಣಿಗೂ ಹಾಗೆಯೇ ತೋರಿತು. ದುಲೀಪ್ ಸಿಂಗ್ ಒಪ್ಪಲಿಲ್ಲ. ಗೌರಮ್ಮ 1860ರಲ್ಲಿ, ವಯಸ್ಸಿನಲ್ಲಿ ತನಗಿಂತ ಬಹಳ ಹಿರಿಯನಾದ ಜಾನ್ ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಮರುವರ್ಷ ಎಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮ ಕ್ಷಯರೋಗದಿಂದ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ನಿನಲ್ಲಿದೆ. ದುಲೀಪ್ ಸಿಂಗನು ಅದೇ 1864ರಲ್ಲಿ ಈಜಿಪ್ಟಿನ ಮಿಷನ್ ಶಾಲೆಯೊಂದರ ಹುಡುಗಿ ಬಂಬಾ ಮ್ಯುಲ್ಲರಳನ್ನು ಮದುವೆಯಾದ. 1886ರಲ್ಲಿ ಮತ್ತೆ ಸಿಖ್ ಧರ್ಮಕ್ಕೆ ಮರಳಿದ.

ರಾಣಿಗೆ ಆ ಹುಡುಗಿಯ ಮೇಲೆ ನಿಜವಾದ ಮಮತೆಯಿತ್ತು, ಅದನ್ನು ಅಲ್ಲಗಳೆಯಲಾರೆ. ತಪ್ಪಿದ್ದು ಮಮತೆಯಲ್ಲಿ ಅಲ್ಲ. ಇನ್ನೊಬ್ಬರ ಬದುಕಿನಲ್ಲಿ ದೈವಯೋಜನೆಯನ್ನು ಮುಂಚಿತವಾಗಿಯೇ ಓದಿಬಿಟ್ಟು, ಅದಕ್ಕೆ ತಕ್ಕಂತೆ ಪಾತ್ರಗಳನ್ನು ನಡೆಸಲು ಹೊರಟದ್ದರಲ್ಲಿ. ದೈವಪಾಲನೆಯನ್ನು ನಾವು ಸಾಮಾನ್ಯವಾಗಿ ಹಿಂದಿರುಗಿ ನೋಡಿದಾಗ ಗುರುತಿಸುತ್ತೇವೆ. ಯೋಸೇಫನು ತನ್ನ ಅಣ್ಣಂದಿರಿಗೆ ಅದನ್ನು ಹೇಳಿದ್ದು ಐಗುಪ್ತದಲ್ಲಿ, ಬಾವಿಯೊಳಗೆ ಬಿದ್ದಾಗ ಅಲ್ಲ. ಊಹೆಗಾಗಿ, ಆ ಮದುವೆ ನಡೆದೇಹೋಯಿತೆನ್ನೋಣ. ಕಾದಂಬರಿ ಪೀಠದ ಮುಂದೆ ಮುಗಿಯುತ್ತಿತ್ತು, ಓದುಗರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಗಂಡನು ದೀಕ್ಷಾಸ್ನಾನದ ವಿಶ್ವಾಸವನ್ನು ತೊರೆದ ದಿನ ಹೆಂಡತಿಯ ಪಾಡೇನು? ಆ ಪ್ರಶ್ನೆಯಿಂದಲೇ ನಿಜವಾದ ಕ್ರೈಸ್ತ ಪ್ರೇಮಕಥನ ಆರಂಭವಾಗುತ್ತಿತ್ತು.

ಹನ್ನೊಂದರ ಹುಡುಗಿಗೆ ನೀರು ಸುರಿದ 1852ಕ್ಕೂ ಆಕೆ ಕಣ್ಣುಮುಚ್ಚಿದ 1864ಕ್ಕೂ ನಡುವೆ ಹನ್ನೆರಡು ವರ್ಷಗಳಿವೆ. ಯಾವುದೋ ಒಂದು ದಿನ, ಯಾರದೋ ಮನೆಯ ಕೋಣೆಯಲ್ಲಿ, ತನಗೆ ಹೊದಿಸಿದ ವಿಶ್ವಾಸವನ್ನು ಆಕೆ ತನ್ನದಾಗಿ ಮಾಡಿಕೊಂಡಳೇ? ಅರಮನೆಯ ಗದ್ದಲದಲ್ಲಿ ಇದನ್ನು ಕಾದಂಬರಿಯ ವಿಷಯವೆಂದು ಯಾರೂ ಎಣಿಸಲಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಅರಸೊತ್ತಿಗೆಯ ಪತನದ ಮಹಾಕಥನ. 1983ರಲ್ಲಿ ಜ್ಞಾನಪೀಠ ಪಡೆದ ಆ ಕೃತಿಯಿಂದ ಇದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನ ಬದುಕನ್ನು 2010ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ಒಳಗಿನ ಆ ಕೋಣೆಯ ಕತೆಯನ್ನು ಬರೆಯಬಲ್ಲವರು ವಿಶ್ವಾಸವೆಂದರೇನೆಂದು ಒಳಗಿನಿಂದ ಬಲ್ಲ ಕನ್ನಡ ಲೇಖಕರು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ಸೇರಿದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ನಾ. ಡಿಸೋಜ, ಕಥೋಲಿಕರು, ಇಗರ್ಜಿಯ ಸುತ್ತಲಿನ ಮನೆಗಳ ಬದುಕನ್ನು ಕನ್ನಡದ ಮುಖ್ಯಧಾರೆಗೆ ತಂದವರು. ದಾರಿ ಇಲ್ಲವೆನ್ನುವಂತಿಲ್ಲ.

ನಮ್ಮ ಗುರುಸೇವೆಗೂ ಇದಕ್ಕೂ ಏನು ಸಂಬಂಧವೆಂಬುದನ್ನು ನಾನು ಕಲಿತದ್ದು ಒಂದು ಮದುವೆಯಲ್ಲಿ. ಕಾಫಿ ಕೊಯ್ಲು ಮುಗಿದು ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದ ಕಾಲ. ವರನು ಮದುವೆಗೆ ಕೆಲವು ತಿಂಗಳು ಮುಂಚೆ ದೀಕ್ಷಾಸ್ನಾನ ಪಡೆದಿದ್ದ. ಪ್ರಬೋಧನೆಯಲ್ಲಿ ನಾನು ಉತ್ಸಾಹದಿಂದ, ದೇವರು ಅನಾದಿಯಿಂದಲೇ ಇವರಿಬ್ಬರನ್ನು ಒಬ್ಬರಿಗೊಬ್ಬರೆಂದು ಆರಿಸಿದ್ದಾನೆ, ವಧುವಿನ ಪ್ರಾರ್ಥನೆಗೆ ಕೊಟ್ಟ ಉತ್ತರವನ್ನು ನೀವೇ ನೋಡಿ ಎಂದೆಲ್ಲ ಹೇಳಿದೆ. ಬಲಿಪೂಜೆಯ ನಂತರ ವಯಸ್ಸಾದ ಹೆಂಗಸೊಬ್ಬರು ಬಾಗಿಲ ಬಳಿ ನಿಂತು ಕಾದಿದ್ದರು. ಅವರ ಪತಿ ಕ್ರೈಸ್ತರಲ್ಲ. ಮೂವತ್ತು ವರ್ಷಗಳಿಂದ ಪ್ರತಿ ಭಾನುವಾರ ಹೆಂಡತಿಯನ್ನು ಜೀಪಿನಲ್ಲಿ ಕರೆತಂದು, ಪೂಜೆ ಮುಗಿಯುವತನಕ ಹೊರಗೆ ಪತ್ರಿಕೆ ಓದುತ್ತ ಕುಳಿತಿರುವವರು. "ಫಾದರ್, ನನ್ನ ಪ್ರಾರ್ಥನೆಯಲ್ಲಿ ಏನು ಕೊರತೆಯಾಯಿತು ಅಂತೀರಿ?" ಎಂದು ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಹೇಳಿದ್ದೇನೋ ಈಗ ನೆನಪಿಲ್ಲ. ಉತ್ತರವಾಗಿರಲಿಲ್ಲವೆಂಬುದು ನೆನಪಿದೆ. ಅಂದು ನಾನು ಪೀಠದಿಂದ ಹೇಳಿದ್ದು ಅಗ್ಗದ ಕಾದಂಬರಿಯ ಕೊನೆಯ ಅಧ್ಯಾಯವನ್ನು.

ಆಕೆಗೆ ಕೊಡಬೇಕಾದ ಉತ್ತರ ಪೌಲನಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಏಳನೆಯ ಅಧ್ಯಾಯದ ಹದಿನಾರನೆಯ ವಚನದಲ್ಲಿ, ಗಂಡನನ್ನು ರಕ್ಷಿಸುವೆಯೋ ಇಲ್ಲವೋ ಎಂಬುದು ನಿನಗೆ ಹೇಗೆ ಗೊತ್ತೆಂದು ಆತನು ಹೆಂಡತಿಯನ್ನು ಪ್ರಶ್ನಿಸುತ್ತಾನೆ. ವ್ಯಾಖ್ಯಾನಕಾರರಲ್ಲಿ ಕೆಲವರು ಇದನ್ನು ಭರವಸೆಯ ಮಾತೆಂದೂ, ಕೆಲವರು ಎಚ್ಚರಿಕೆಯ ಮಾತೆಂದೂ ಓದುತ್ತಾರೆ. ಗ್ರೀಕ್ ವಾಕ್ಯ ಎರಡಕ್ಕೂ ಎಡೆಕೊಡುತ್ತದೆ. ಪೌಲನು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುತ್ತಾನೆ. ಆದರೆ ಅದಕ್ಕೂ ಎರಡು ವಚನ ಮೊದಲೇ, ಅವಿಶ್ವಾಸಿ ಗಂಡನು ಹೆಂಡತಿಯ ಮೂಲಕ ಪವಿತ್ರನಾದನೆಂದು ಹೇಳಿಯಾಗಿದೆ. ಪಾವಿತ್ರ್ಯ ಈಗಲೇ ಉಂಟು. ಅಂತ್ಯ ಮಾತ್ರ ನಮ್ಮ ಕೈಯಲ್ಲಿಲ್ಲ.

ಧರ್ಮಸಭೆಯ ಕಾನೂನು ಕೂಡ ಕಾಲಕ್ರಮದಲ್ಲಿ ಈ ಸಂಯಮವನ್ನು ಕಲಿತಿದೆ. 1917ರ ಸಂಹಿತೆಯ 1062ನೆಯ ನಿಯಮವು ಅಕಥೋಲಿಕ ಸಂಗಾತಿಯ ಪರಿವರ್ತನೆಗಾಗಿ ವಿವೇಕದಿಂದ ಶ್ರಮಿಸುವ ಹೊಣೆಯನ್ನು ಕಥೋಲಿಕ ಸಂಗಾತಿಯ ಮೇಲೆ ಹೊರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ದೀಕ್ಷಾಸ್ನಾನ ಹೊಂದದವರೊಡನೆ ಮದುವೆಗೆ 1086ನೆಯ ನಿಯಮದಂತೆ ವಿನಾಯಿತಿ ಬೇಕು. ಅದಕ್ಕಾಗಿ 1125ನೆಯ ನಿಯಮವು ಕೇಳುವುದು ಕಥೋಲಿಕ ಸಂಗಾತಿಯು ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವೆನೆಂದೂ, ಮಕ್ಕಳ ದೀಕ್ಷಾಸ್ನಾನ ಮತ್ತು ಪೋಷಣೆಗಾಗಿ ಕೈಲಾದುದೆಲ್ಲವನ್ನು ಮಾಡುವೆನೆಂದೂ ಕೊಡುವ ಮಾತನ್ನು. ಇನ್ನೊಬ್ಬರ ಮನಸ್ಸಿನ ಬಗ್ಗೆ ಯಾವ ಮಾತನ್ನೂ ಕೇಳುವುದಿಲ್ಲ. ಸಂಗಾತಿಯು ಮುಂದೆ ಸ್ವತಂತ್ರವಾಗಿ ವಿಶ್ವಾಸಕ್ಕೆ ಬಂದರೆ ಅದು ದೊಡ್ಡ ಆನಂದವೆಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. 'ಸ್ವತಂತ್ರವಾಗಿ' ಎಂಬ ಮಾತನ್ನು ಮದುವೆಯ ಸಿದ್ಧತಾ ತರಗತಿಗಳಲ್ಲಿ ನಾವು ಒತ್ತಿ ಹೇಳುವುದಿಲ್ಲ. "ಮದುವೆಯಾದ ಮೇಲೆ ಬರುತ್ತಾನೆ ಬಿಡಿ, ಫಾದರ್" ಎಂದು ತಾಯಂದಿರು ಹೇಳುವಾಗ ತಲೆಯಾಡಿಸುತ್ತೇವೆ.

ಆ ಹೆಂಗಸಿನ ಮೂವತ್ತು ವರ್ಷದ ಭಾನುವಾರಗಳಲ್ಲಿ ಒಂದು ಪ್ರೇಮಕಥನವಿದೆ, ಅದರಲ್ಲಿ ಕಾತರವೂ ಇದೆ. ಕೊಲೆಗಾರನಿಲ್ಲ. ಹೊರಗೆ ಜೀಪಿನಲ್ಲಿ ಪತ್ರಿಕೆ ಓದುವ ಒಬ್ಬ ಗಂಡಸಿದ್ದಾನೆ, ಒಳಗೆ ಎತ್ತಲ್ಪಟ್ಟ ರೊಟ್ಟಿಯ ಮುಂದೆ ತಲೆಬಾಗಿದ ಒಬ್ಬಾಕೆಯಿದ್ದಾಳೆ. ಆತನು ಬಂದೇ ಬರುತ್ತಾನೆಂದು ಬರೆದರೆ ಕತೆ ಕೆಡುತ್ತದೆ. ಬರುವುದೇ ಇಲ್ಲವೆಂದು ಬರೆದರೂ ಕೆಡುತ್ತದೆ. ಮುಂದಿನ ವಾರವೂ ಆತನು ಜೀಪು ತೆಗೆಯುತ್ತಾನೆಂದು ಬರೆಯಬಲ್ಲ ಲೇಖಕನಿಗಾಗಿ ನಾನು ಕಾದಿದ್ದೇನೆ.

ತೊಬೀತನ ಗ್ರಂಥಕರ್ತನು ಅಂಥವನು. ದಾಸಿಯು ಹೊರಬಂದು ತೊಬಿಯನು ಬದುಕಿದ್ದಾನೆಂದು ತಿಳಿಸುತ್ತಾಳೆ. ರಗುವೇಲನು ದೇವರನ್ನು ಸ್ತುತಿಸಿ, ಬೆಳಗಾಗುವ ಮೊದಲೇ ಗುಂಡಿಯನ್ನು ಮುಚ್ಚಿರೆಂದು ಆಳುಗಳಿಗೆ ಹೇಳುತ್ತಾನೆ. ಹದಿನಾಲ್ಕು ದಿನಗಳ ಔತಣಕ್ಕೆ ಅಪ್ಪಣೆ ಕೊಡುತ್ತಾನೆ. ಆ ಹದಿನಾಲ್ಕು ದಿನಗಳೂ ನಿನೆವೆಯಲ್ಲಿ ಅನ್ನಳು, ಮಗನು ಸತ್ತೇ ಹೋದನೆಂದು ಅಳುತ್ತ, ಅವನು ಹೋದ ದಾರಿಯನ್ನು ನೋಡುತ್ತ ಕುಳಿತಿದ್ದಾಳೆ.